ಕ್ರಿಪ್ಟೋ ಮೋಸಗಾರರಿಂದ, ನಕಲಿ ಮುಖಗಳಿಂದ ದುಡ್ಡು ಉಳಿಸಿಕೊಳ್ಳೋದು ಹೇಗೆ: ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಅಕೌಂಟಿಗೆ ದುಡ್ಡು ಬಿದ್ದ ರೈತರು. ಧಾರವಾಡದ ಮಾಳಮಡ್ಡಿಯಲ್ಲಿ ಪಿಂಚಣಿ ಮೇಲೆ ಇರುವ ನಿವೃತ್ತ ಮಾಸ್ತರರು. ಸಪ್ತಾಪುರದ ರೂಮಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತ, ಮನೆಯಿಂದ ಮತ್ತೆ ದುಡ್ಡು ಕೇಳೋಕೆ ನಾಚುವ ಹುಡುಗ. ಗೋಕುಲ ರಸ್ತೆ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು. ಕ್ರಿಪ್ಟೋ (ಬರೀ ಕಂಪ್ಯೂಟರ್ ಲೆಕ್ಕದಲ್ಲಿ ಇರೋ ಡಿಜಿಟಲ್ ನಾಣ್ಯ) ಹೆಸರಿನಲ್ಲಿ ಮೋಸ ಮಾಡುವವರು ಹುಡುಕೋದು ಇಂಥವರನ್ನೇ. ಕೈಯಲ್ಲಿ ಒಂದಿಷ್ಟು ದುಡ್ಡು ಇರಬೇಕು, ಇಲ್ಲವೇ ದುಡ್ಡಿನ ತುರ್ತು ಇರಬೇಕು. ಕಂಪ್ಯೂಟರ್ ಗೊತ್ತಿರಲಿ, ಬಿಡಲಿ, ಅವರಿಗೆ ಎರಡೂ ಒಂದೇ.

ಈ ಮೋಸದಲ್ಲಿ ಬಿಟ್‌ಕಾಯಿನ್, ಬ್ಲಾಕ್‌ಚೈನ್ (ಕ್ರಿಪ್ಟೋ ವ್ಯವಹಾರಗಳ ಡಿಜಿಟಲ್ ಲೆಕ್ಕದ ಪುಸ್ತಕ) ಪಾತ್ರ ಕಡಿಮೆ. ಮುಖದ ಪಾತ್ರ ಜಾಸ್ತಿ. ನೀವು ನಂಬುವ ಯಾರದೋ ಹೆಸರು, ಫೋಟೊ, ದನಿ ಹಾಕಿಕೊಂಡು ಒಬ್ಬ ಬರುತ್ತಾನೆ. ಕ್ರಿಪ್ಟೋ ಬೇಕಾಗೋದು ದುಡ್ಡು ದೇಶ ದಾಟಿಸೋಕೆ. ಬ್ಯಾಂಕಿನಿಂದ ಹೋದ ದುಡ್ಡನ್ನು ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ಬಿಟ್‌ಕಾಯಿನ್ ಆಗಲಿ, ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಅನ್ನೋ ಕ್ರಿಪ್ಟೋ ಆಗಲಿ, ಒಮ್ಮೆ ಕಳಿಸಿದರೆ ವಾಪಸ್ ಕರೆಸೋ ಬಟನ್ ಯಾರ ಹತ್ತಿರವೂ ಇಲ್ಲ.

ಅದಕ್ಕೇ ಈ ಇಡೀ ಬರಹದ ನಿಯಮ ಒಂದೇ. ಯಾರೇ ಏನೇ ಹೇಳಲಿ, ಅದು ನಿಜವಾ ಅಂತ ನೋಡೋಕೆ ಅವರು ಕೊಟ್ಟ ನಂಬರ್, ಅವರು ಕಳಿಸಿದ ಲಿಂಕ್, ಅವರು ಸೇರಿಸಿದ ಗ್ರೂಪ್ ಬಳಸಬೇಡಿ. ನೀವೇ ಹುಡುಕಿಕೊಂಡ ಬೇರೆ ದಾರಿಯಿಂದ ಹೋಗಿ ನೋಡಿ. ಮುಂದೆ ಹೇಳೋದೆಲ್ಲ ಈ ನಿಯಮವನ್ನು ದಿನದ ಬದುಕಿನಲ್ಲಿ ಹೇಗೆ ಪಾಲಿಸಬೇಕು ಅನ್ನೋದರ ಬಗ್ಗೆ.

ಹೆಜ್ಜೆ 1: ಕಾನೂನು ಏನು ಹೇಳುತ್ತೆ ಅಂತ ಮೊದಲು ತಿಳಿದುಕೊಳ್ಳಿ

ಇದಿಷ್ಟು ಗೊತ್ತಿದ್ದರೆ ಅರ್ಧ ಸುಳ್ಳು ಕೇಳಿದ ಕೂಡಲೇ ಸಿಕ್ಕಿಬೀಳುತ್ತೆ.

ಭಾರತದಲ್ಲಿ ಕ್ರಿಪ್ಟೋ ಕೊಳ್ಳೋದು, ಮಾರೋದು ಅಪರಾಧ ಅಲ್ಲ. ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಸುತ್ತೋಲೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು 2020ರ ಮಾರ್ಚ್ 4ರಂದು ರದ್ದು ಮಾಡಿತು. ಹಾಗಂತ ಕ್ರಿಪ್ಟೋ ನಮ್ಮ ರೂಪಾಯಿಯಂಥ ಅಧಿಕೃತ ಹಣವೂ ಅಲ್ಲ. ಅದರ ಅಪಾಯದ ಬಗ್ಗೆ ರಿಸರ್ವ್ ಬ್ಯಾಂಕ್ 2013ರಿಂದಲೇ ಎಚ್ಚರಿಸುತ್ತಾ ಬಂದಿದೆ. ಆದ್ದರಿಂದ "ನಮ್ಮ ಕಾಯಿನ್‌ಗೆ ಆರ್‌ಬಿಐ ಲೈಸೆನ್ಸ್ ಇದೆ" ಅಂತ ಯಾರಾದರೂ ಸರ್ಟಿಫಿಕೇಟ್ ತೋರಿಸಿದರೆ ಆ ಕಾಗದವೇ ಸುಳ್ಳು. ಅಂಥ ಲೈಸೆನ್ಸ್ ಇಲ್ಲವೇ ಇಲ್ಲ.

ಇರೋದು ಬೇರೆ ವ್ಯವಸ್ಥೆ. 2023ರ ಮಾರ್ಚ್‌ನಿಂದ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳು, ಅಂದರೆ ಕ್ರಿಪ್ಟೋ ಕೊಳ್ಳೋ-ಮಾರೋ ಆನ್‌ಲೈನ್ ಪೇಟೆಗಳು, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಅವು ಕೇಂದ್ರ ಸರಕಾರದ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್, ಅಂದರೆ ಎಫ್‌ಐಯುನಲ್ಲಿ ನೋಂದಣಿ ಮಾಡಿಸಬೇಕು. ಹಾಗೆ ಮಾಡಿಸದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ 2023ರ ಡಿಸೆಂಬರ್‌ನಲ್ಲಿ ನೋಟಿಸ್ ಹೋಗಿತ್ತು. ಅದರಲ್ಲಿ ಬೈನಾನ್ಸ್‌ನಂಥ ದೊಡ್ಡ ಹೆಸರೂ ಇತ್ತು. ಅದು ಆಮೇಲೆ ದಂಡದ ಆದೇಶ ಎದುರಿಸಿ, ನೋಂದಣಿ ಮಾಡಿಸಿಕೊಂಡಿತು. ಒಂದು ಮಾತು ನೆನಪಿರಲಿ: ನೋಂದಣಿ ಇದ್ದರೆ ನಿಮ್ಮ ದುಡ್ಡಿಗೆ ಗ್ಯಾರಂಟಿ ಸಿಕ್ಕಿತು ಅಂತಲ್ಲ. ವಜೀರ್‌ಎಕ್ಸ್ ನಮ್ಮ ದೇಶದ ಹೆಸರಾಂತ ಎಕ್ಸ್‌ಚೇಂಜ್. 2024ರ ಜುಲೈನಲ್ಲಿ ಹ್ಯಾಕರ್‌ಗಳು ಅದರಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕದ್ದರು.

ತೆರಿಗೆ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಮುಂದೆ ಬೇಕಾಗುತ್ತೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್. 2022ರ ಜುಲೈನಿಂದ ಮಾರಾಟದ ಮೇಲೆ ಶೇಕಡಾ 1 ಟಿಡಿಎಸ್. ಟಿಡಿಎಸ್ಸನ್ನು ಎಕ್ಸ್‌ಚೇಂಜೇ ನಿಮಗೆ ಕೊಡೋ ದುಡ್ಡಿನಲ್ಲಿ ಹಿಡಿದು ಸರಕಾರಕ್ಕೆ ಕಟ್ಟುತ್ತೆ. ಅದು ನಿಮ್ಮ ಪ್ಯಾನ್‌ನ ಲೆಕ್ಕದಲ್ಲಿ ಕಾಣುತ್ತೆ. ಶೇಕಡಾ 30ನ್ನು ನೀವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೀರಿ. ಯಾವ ಆ್ಯಪ್‌ನವರಿಗೂ ಕಟ್ಟೋದಿಲ್ಲ.

ಹೆಜ್ಜೆ 2: ಯಾವ ಯಾವ ಮುಖ ಹಾಕಿಕೊಂಡು ಬರ್ತಾರೆ ಅಂತ ಗುರುತಿಟ್ಟುಕೊಳ್ಳಿ

ಮೊದಲನೆಯದು ದೊಡ್ಡವರ ಮುಖ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯಾವುದೋ ಟ್ರೇಡಿಂಗ್ ಆ್ಯಪ್‌ನಲ್ಲಿ ದುಡ್ಡು ಹಾಕಿ ಅಂತ ಹೇಳುವ ವಿಡಿಯೊಗಳು ಹರಿದಾಡಿದಾಗ, ಅವೆಲ್ಲ ಸುಳ್ಳು ಅಂತ ಅವರೇ 2023ರ ಡಿಸೆಂಬರ್‌ನಲ್ಲಿ ಬರೆದು ತಿಳಿಸಬೇಕಾಯಿತು. ಸುಧಾ ಮೂರ್ತಿಯವರ ಮುಖ ಹಚ್ಚಿದ ನಕಲಿ ಹೂಡಿಕೆ ವಿಡಿಯೊಗಳೂ ಓಡಾಡಿವೆ. ನಮ್ಮ ಕಡೆಯವರಿಗೆ ಇದು ಜಾಸ್ತಿ ಅಪಾಯ. ಸುಧಾ ಮೂರ್ತಿಯವರು ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು ಅಂದ ಮೇಲೆ ನಾವು ಅವರನ್ನು ಮನೆಯವರಂತೆ ನಂಬುತ್ತೇವೆ. ಆ ನಂಬಿಕೆಯನ್ನೇ ಕದಿಯುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಸಿಟ್ಟು ಬರೋದು ಇದಕ್ಕೇ.

ತುಟಿ ಸರಿ ಕೂಡುತ್ತಾ, ಕಣ್ಣು ಮಿಟುಕಿಸುತ್ತಾರಾ ಅಂತ ನೋಡಿ ನಕಲಿ ಹಿಡೀತೀನಿ ಅಂದುಕೊಳ್ಳಬೇಡಿ. ಆ ಕಾಲ ಹೋಗ್ತಾ ಇದೆ. ವಿಡಿಯೊ ಏನು ಕೇಳುತ್ತೆ ಅನ್ನೋದನ್ನು ನೋಡಿ. ಲಿಂಕ್ ಒತ್ತಿ, ಹೆಸರು-ನಂಬರ್ ಕೊಡಿ, ಇಷ್ಟು ಸಾವಿರ ಹಾಕಿ ಅಂದರೆ ಮುಖ ಯಾರದ್ದಾದರೂ ಇರಲಿ, ಮುಚ್ಚಿ. ಅಸಲಿ ಖಾತೆಯಿಂದ ಬಂತು ಅನ್ನೋದೂ ಸಾಕ್ಷಿ ಆಗೋದಿಲ್ಲ. 2020ರ ಜುಲೈ 15ರಂದು ಟ್ವಿಟರ್‌ಗೇ ಕನ್ನ ಹಾಕಿ, ಒಬಾಮಾ, ಬೈಡನ್, ಎಲಾನ್ ಮಸ್ಕ್ ಅವರ ನಿಜವಾದ ಖಾತೆಗಳಿಂದಲೇ "ಬಿಟ್‌ಕಾಯಿನ್ ಕಳಿಸಿ, ಎರಡು ಪಟ್ಟು ಮಾಡಿ ಕೊಡ್ತೀವಿ" ಅಂತ ಬರೆದಿದ್ದರು. ಕೆಲವೇ ಗಂಟೆಗಳಲ್ಲಿ ಜನ ಒಂದು ಲಕ್ಷ ಡಾಲರಿಗೂ ಜಾಸ್ತಿ ಕಳಿಸಿದರು.

ಎರಡನೆಯದು ಕಸ್ಟಮರ್ ಕೇರ್ ಮುಖ. ಆ್ಯಪ್‌ನಲ್ಲಿ ಏನೋ ತೊಂದರೆ ಆಗಿ ನೀವು ಗೂಗಲ್‌ನಲ್ಲಿ ನಂಬರ್ ಹುಡುಕುತ್ತೀರಿ. ಮೇಲೇ ಕಾಣುವ ನಂಬರ್ ಎಷ್ಟೋ ಸಲ ಮೋಸಗಾರರದ್ದೇ. ಸ್ಕ್ರೀನ್ ಶೇರ್ ಆ್ಯಪ್ ಹಾಕಿಸುತ್ತಾರೆ, ಆಮೇಲೆ ನಿಮ್ಮ ಫೋನ್ ಅವರ ಕಣ್ಣ ಮುಂದೆ. ಟೆಲಿಗ್ರಾಂ ಗ್ರೂಪಿನಲ್ಲಿ ನೀವು ಒಂದು ಪ್ರಶ್ನೆ ಕೇಳಿದರೆ ಸಾಕು, ಎರಡೇ ನಿಮಿಷಕ್ಕೆ "ಅಡ್ಮಿನ್" ಅಂತ ಒಬ್ಬ ನೇರ ಮೆಸೇಜ್ ಮಾಡುತ್ತಾನೆ. ಸಹಾಯ ಬೇಕಾದರೆ ಆ್ಯಪ್ ಒಳಗಿನ ಹೆಲ್ಪ್ ವಿಭಾಗದಿಂದಲೇ ಕೇಳಿ. ತಾನಾಗಿ ಹುಡುಕಿಕೊಂಡು ಬಂದ ಸಹಾಯಕನಿಗೆ ಉತ್ತರವನ್ನೇ ಕೊಡಬೇಡಿ.

ಮೂರನೆಯದು ಗೆಳೆಯರ, ನೆಂಟರ ಮುಖ. ಅಣ್ಣನ ಮಗನ ವಾಟ್ಸಾಪ್‌ನಿಂದ "ಕಾಕಾ, ಅರ್ಜೆಂಟ್ ಐತ್ರೀ, ಇಪ್ಪತ್ತು ಸಾವಿರ ಹಾಕ್ರೀ, ಸಂಜೀಕ ಕೊಡ್ತೀನಿ" ಅಂತ ಬರುತ್ತೆ. ಫೋಟೊ ಅವನದ್ದೇ. ಈಗ ದನಿಯನ್ನೂ ನಕಲು ಮಾಡುತ್ತಾರೆ. ಹಳೇ ನಂಬರಿಗೆ ಮಾಮೂಲಿ ಕಾಲ್ ಮಾಡಿ. ಎತ್ತದಿದ್ದರೆ ಅವನ ಅಪ್ಪನಿಗೋ ಹೆಂಡತಿಗೋ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳಿ: "ಹೋದ ಜಾತ್ರ್ಯಾಗ ನಮ್ಮ ಮನಿಗೆ ಯಾರ್ ಯಾರ್ ಬಂದಿದ್ರು ಹೇಳು?" ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದ ವಿಷಯ ಕೇಳಬೇಡಿ, ಅದು ಅವರಿಗೂ ಕಾಣುತ್ತೆ.

ನಾಲ್ಕನೆಯದು ಪ್ರೀತಿಯ ಮುಖ. "ಸಾರಿ, ರಾಂಗ್ ನಂಬರ್" ಅಂತ ಶುರು ಆಗಬಹುದು, ಮದುವೆ ಸೈಟಿನಿಂದಲೂ ಶುರು ಆಗಬಹುದು. ಇವರು ಅವಸರ ಮಾಡೋದಿಲ್ಲ. ವಾರಗಟ್ಟಲೆ ಊಟ ಆಯ್ತಾ, ಅಮ್ಮ ಹೇಗಿದ್ದಾರೆ ಅಂತಲೇ ಮಾತು. ದುಡ್ಡನ್ನು ಕೇಳೋದೂ ಇಲ್ಲ. ತಮ್ಮ ಚಿಕ್ಕಪ್ಪನಿಗೆ ಕ್ರಿಪ್ಟೋ ಟ್ರೇಡಿಂಗ್ ಚೆನ್ನಾಗಿ ಗೊತ್ತು, ನಿನಗೂ ಕಲಿಸ್ತೀನಿ ಅನ್ನುತ್ತಾರೆ. ಒಂಟಿಯಾಗಿ ಇರುವವರು ಜಾಸ್ತಿ ಸಿಕ್ಕಿಬೀಳುತ್ತಾರೆ. ಅವರನ್ನು ದಡ್ಡರು ಅನ್ನಬೇಡಿ. ದಿನಾ ಮಾತಾಡಿಸುವವರನ್ನು ನಂಬೋದು ಮನುಷ್ಯರ ಗುಣ.

ಪೊಲೀಸ್, ಸಿಬಿಐ ಮುಖದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. "ಡಿಜಿಟಲ್ ಅರೆಸ್ಟ್" ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದ್ದಾರೆ. ವಿಡಿಯೊ ಕಾಲ್‌ನಲ್ಲಿ ಕೂರಿಸಿ ದುಡ್ಡು ಕೇಳುವವನು ಪೊಲೀಸ್ ಅಲ್ಲ. ಕಟ್ ಮಾಡಿ.

ಕೊನೆಯದು ಕಷ್ಟದ್ದು: ನಿಜವಾದ ಪರಿಚಯದವರು. ಓಣಿಯವರೋ, ಹಳೇ ಸಹೋದ್ಯೋಗಿಯೋ ಸ್ಕೀಮ್ ಹಿಡಿದುಕೊಂಡು ಬರುತ್ತಾರೆ. ಹೋಟೆಲಿನಲ್ಲಿ ಮೀಟಿಂಗ್, ಊಟ, ಸ್ಟೇಜ್ ಮೇಲೆ ಸನ್ಮಾನ. ಅವರು ನಕಲಿ ಅಲ್ಲ. ಎಷ್ಟೋ ಸಲ ಅವರೇ ಮೋಸ ಹೋಗಿದ್ದಾರೆ, ಅವರಿಗೇ ಅದು ಗೊತ್ತಿಲ್ಲ. ಗೇನ್‌ಬಿಟ್‌ಕಾಯಿನ್ ಅನ್ನೋ ಸ್ಕೀಮ್ ಹೀಗೇ ಬಾಯಿಂದ ಬಾಯಿಗೆ ಹಬ್ಬಿತ್ತು. ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಬಿಟ್‌ಕಾಯಿನ್ ಕೊಡ್ತೀವಿ ಅಂದರು. ಆಮೇಲೆ ಬಿಟ್‌ಕಾಯಿನ್ ಬದಲು ಎಂಕ್ಯಾಪ್ ಅನ್ನೋ ತಮ್ಮದೇ ಬೆಲೆಯಿಲ್ಲದ ಟೋಕನ್ ಕೈಗಿಟ್ಟರು. ಇಂಥದ್ದೇ ಇನ್ನೊಂದು ಸ್ಕೀಮ್ ಬಿಟ್‌ಕನೆಕ್ಟ್ 2018ರ ಜನವರಿಯಲ್ಲಿ ಕುಸಿಯಿತು. ಒನ್‌ಕಾಯಿನ್ ಅನ್ನೋ ಮತ್ತೊಂದು ಮೋಸದ ಸ್ಕೀಮ್ ಶುರು ಮಾಡಿದ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಿಂದ ನಾಪತ್ತೆ. ಒನ್‌ಕಾಯಿನ್‌ಗೆ ನಿಜವಾದ ಬ್ಲಾಕ್‌ಚೈನೇ ಇರಲಿಲ್ಲ.

ಪರಿಚಯದವರಿಗೆ ಒಂದೇ ಪ್ರಶ್ನೆ ಕೇಳಿ: "ನಾಳೆಯಿಂದ ಹೊಸಬರು ಯಾರೂ ಸೇರಲಿಲ್ಲ ಅಂದ್ರ, ಈ ಬಡ್ಡಿ ಎಲ್ಲಿಂದ ಬರ್ತದ್ರೀ?" ಉತ್ತರದಲ್ಲಿ ಎಐ, ಬಾಟ್, ಆರ್ಬಿಟ್ರೇಜ್, ಮೈನಿಂಗ್ ಅಂತ ಪದಗಳು ಬರುತ್ತವೆ. ಲೆಕ್ಕ ಬರೋದಿಲ್ಲ. ಬೇಡ ಅನ್ನೋಕೆ ಸಂಕೋಚ ಆದರೆ, "ಮನ್ಯಾಗ ಒಪ್ಪೂದಿಲ್ರೀ" ಅಂದುಬಿಡಿ. ಅದಕ್ಕೆ ಯಾರೂ ಎದುರಾಡೋದಿಲ್ಲ.

ಹೆಜ್ಜೆ 3: ಹೆಸರು ಓದಬೇಡಿ, ಅಕ್ಷರ ಓದಿ

ಟೆಲಿಗ್ರಾಂನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಕಾಣುವ ಹೆಸರು, ಫೋಟೊ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪ್ರೊಫೈಲ್ ತೆರೆದು ಯೂಸರ್‌ನೇಮ್ ನೋಡಿ. ಒಂದೇ ಯೂಸರ್‌ನೇಮ್ ಇಬ್ಬರಿಗೆ ಸಿಗೋದಿಲ್ಲ, ಹಾಗಾಗಿ ಮೋಸಗಾರ ಎಲ್ಲೋ ಒಂದು ಅಕ್ಷರ ಬದಲಾಯಿಸಲೇಬೇಕು. ಇಂಗ್ಲಿಷಿನ ಸಣ್ಣ ಎಲ್ ಮತ್ತು ದೊಡ್ಡ ಐ ಪರದೆಯ ಮೇಲೆ ಎಷ್ಟೋ ಫೋನ್‌ಗಳಲ್ಲಿ ಒಂದೇ ಥರ ಕಾಣುತ್ತವೆ. ಓ ಅಕ್ಷರದ ಜಾಗದಲ್ಲಿ ಸೊನ್ನೆ ಕೂರಿಸುತ್ತಾರೆ. ಆರ್ ಮತ್ತು ಎನ್ ಒತ್ತೊತ್ತಾಗಿ ಬರೆದರೆ ಎಂ ಅನ್ನಿಸುತ್ತೆ. ಕೊನೆಗೆ ಒಂದು ಅಂಡರ್‌ಸ್ಕೋರ್, ಇಲ್ಲವೇ "ಅಫಿಶಿಯಲ್", "ಇಂಡಿಯಾ", "ಸಪೋರ್ಟ್" ಅಂತ ಬಾಲ. ಅನುಮಾನ ಬಂದರೆ ಆ ಹೆಸರನ್ನು ಕಾಪಿ ಮಾಡಿ, ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ, ಅಕ್ಷರ ದೊಡ್ಡದು ಮಾಡಿ ನೋಡಿ.

ವೆಬ್‌ಸೈಟ್ ವಿಳಾಸವನ್ನು ಹಿಂದಿನಿಂದ ಓದಿ. ಮೊದಲ ಒಂಟಿ ಓರೆ ಗೀಟಿಗೂ (/) ಮುಂಚೆ, ಕಟ್ಟಕಡೆಯ ಚುಕ್ಕಿ ಎಲ್ಲಿದೆ, ಅದರ ಎಡಗಡೆ ಯಾವ ಹೆಸರಿದೆ ಅನ್ನೋದೇ ಮುಖ್ಯ. ಕೊನೆಗೆ "ಡಾಟ್ ಕೋ ಡಾಟ್ ಇನ್" ಥರ ಎರಡು ತುಂಡು ಇದ್ದರೆ, ಅವೆರಡರ ಎಡಗಡೆಯ ಹೆಸರು ನೋಡಿ. ಎಕ್ಸ್‌ಚೇಂಜ್‌ನ ಹೆಸರು ವಿಳಾಸದ ಮುಂಭಾಗದಲ್ಲಿ ಇದ್ದು, ಕೊನೆಗೆ ಬೇರೇನೋ ಹೆಸರಿದ್ದರೆ ಆ ಸೈಟ್ ಕೊನೆಯ ಹೆಸರಿನವರದ್ದು. ಬೀಗದ ಚಿತ್ರ ನೋಡಿ ಸಮಾಧಾನ ಪಡಬೇಡಿ, ನಕಲಿ ಸೈಟಿಗೂ ಅದು ಸಿಗುತ್ತೆ. ಬ್ಯಾಂಕಿನ ವಿಷಯದಲ್ಲಿ ಈಗ ಸ್ವಲ್ಪ ಸುಲಭ ಆಗಿದೆ. ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಾರ ಬ್ಯಾಂಕುಗಳು 2025ರ ಅಕ್ಟೋಬರ್ ಕೊನೆಯೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಮುಗಿಯುವ ವಿಳಾಸಕ್ಕೆ ಹೋಗಬೇಕಿತ್ತು.

ವಾಟ್ಸಾಪ್‌ನಲ್ಲಿ, ಟೆಲಿಗ್ರಾಂನಲ್ಲಿ ಬಂದ ಎಪಿಕೆ (APK, ಆ್ಯಪ್ ಹಾಕಿಸುವ) ಫೈಲ್ ಯಾವತ್ತೂ ಇನ್‌ಸ್ಟಾಲ್ ಮಾಡಬೇಡಿ. ಮದುವೆ ಆಮಂತ್ರಣ ಅಂದರೂ ಅಷ್ಟೇ, ಟ್ರೇಡಿಂಗ್ ಆ್ಯಪ್ ಅಂದರೂ ಅಷ್ಟೇ. ಪ್ಲೇಸ್ಟೋರ್‌ನಲ್ಲೂ ನಕಲಿಗಳು ನುಸುಳುತ್ತವೆ. ಮಾಡಿದವರ ಹೆಸರು, ಎಷ್ಟು ವರ್ಷದಿಂದ ಇದೆ, ಒಂದು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ, ಇವು ನೋಡಿ. ಐದು ಸ್ಟಾರ್‌ಗಳನ್ನು ದುಡ್ಡು ಕೊಟ್ಟೂ ಬರೆಸಬಹುದು.

ಹೆಜ್ಜೆ 4: "ವಿತ್‌ಡ್ರಾ" ಬಟನ್ ಹಿಂದೆ ಏನಿದೆ ಅಂತ ಅರ್ಥ ಮಾಡಿಕೊಳ್ಳಿ

ಮೋಸದ ಹೊಟ್ಟೆ ಇರೋದು ಇಲ್ಲೇ. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇರೋ ಒಬ್ಬರು ಅಂದುಕೊಳ್ಳಿ. ಅವರನ್ನು ಯಾರೋ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಗ್ರೂಪಿನಲ್ಲಿ ದಿನಾ ಲಾಭದ ಸ್ಕ್ರೀನ್‌ಶಾಟ್, "ಥ್ಯಾಂಕ್ಯೂ ಸರ್". ಆ ಮೆಂಬರ್‌ಗಳಲ್ಲಿ ಬಹಳಷ್ಟು ಜನ ಮೋಸಗಾರರ ಕಡೆಯವರೇ. ಇವರು ಮೊದಲು 10 ಸಾವಿರ ಹಾಕಿದರು. ನಾಲ್ಕು ದಿನಕ್ಕೆ 12 ಸಾವಿರ ಆಯ್ತು. ವಿತ್‌ಡ್ರಾ ಒತ್ತಿದರು, ನಿಜವಾಗಲೂ ಬ್ಯಾಂಕಿಗೆ 12 ಸಾವಿರ ಬಂತು. ನಂಬಿಕೆ ಕೂತಿದ್ದು ಆಗ. ಆ 2 ಸಾವಿರ ಲಾಭ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಹುಳ.

ಆಮೇಲೆ 6 ಲಕ್ಷ ಹಾಕಿದರು. ಪರದೆ ಮೇಲೆ 18 ಲಕ್ಷ ಕಾಣುತ್ತೆ. ಅದು ಬರೀ ಅಂಕಿ. ಮೋಸಗಾರ ಎಷ್ಟು ಬರೆದರೆ ಅಷ್ಟು. ಮಗಳ ಮದುವೆಗೆ ಅಂತ ತೆಗೆಯೋಕೆ ಹೋದಾಗ ಮೆಸೇಜ್ ಬರುತ್ತೆ: ಲಾಭ 12 ಲಕ್ಷ, ಭಾರತ ಸರಕಾರದ ನಿಯಮದಂತೆ ಶೇಕಡಾ 30 ತೆರಿಗೆ, 3,60,000 ಕಟ್ಟಿದರೆ ಪೂರ್ತಿ ಹಣ ಬಿಡುಗಡೆ. ಶೇಕಡಾ 30 ಅನ್ನೋದು ನಿಜವಾದ ದರ ಅಲ್ವಾ, ಹಾಗಾಗಿ ಗೂಗಲ್ ಮಾಡಿ ನೋಡಿದರೂ ಸರಿ ಅನ್ನಿಸುತ್ತೆ. ಸುಳ್ಳು ಇರೋದು ದರದಲ್ಲಿ ಅಲ್ಲ, ಯಾರಿಗೆ ಕಟ್ಟಬೇಕು ಅನ್ನೋದರಲ್ಲಿ.

ಆಗ ಹೀಗೆ ಕೇಳಬೇಕು: "ನನ್ನ 18 ಲಕ್ಷದಾಗ ನಿಮ್ಮ ತೆರಿಗೆ ಹಿಡಕೊಂಡು ಉಳಿದದ್ದು ಕೊಡ್ರಿ." ಸಿಸ್ಟಮ್ ಒಪ್ಪಲ್ಲ, ಹೊರಗಿಂದಲೇ ಕಟ್ಟಬೇಕು ಅನ್ನುತ್ತಾರೆ. ಒಳಗೆ ದುಡ್ಡೇ ಇಲ್ಲದಿದ್ದಾಗ ಬೇರೆ ಉತ್ತರ ಎಲ್ಲಿಂದ ಬರಬೇಕು? 3,60,000 ಕಟ್ಟಿದರೆ ಮುಂದೆ ವೆರಿಫಿಕೇಶನ್ ಡೆಪಾಸಿಟ್, ಅದಾದ ಮೇಲೆ ಅಕೌಂಟ್ ಫ್ರೀಜ್ ತೆಗೆಯೋ ಫೀ. ನಿಮ್ಮ ಹತ್ತಿರ ದುಡ್ಡು ಇರೋವರೆಗೂ ಫೀ ಮುಗಿಯೋದಿಲ್ಲ. ಈ ಹಂತದಲ್ಲೇ ಜನ ಬಂಗಾರ ಅಡವಿಡೋದು, ಹೊಲದ ಮೇಲೆ ಸಾಲ ಮಾಡೋದು. ಮೊದಲು ಹೋದ ದುಡ್ಡಿಗಿಂತ ಜಾಸ್ತಿ ಇಲ್ಲೇ ಹೋಗಬಹುದು. ಫೀ ಕೇಳಿದ ಕೂಡಲೇ ನಿಲ್ಲಿಸಿ, ನೇರ 7ನೇ ಹೆಜ್ಜೆಗೆ ಹೋಗಿ.

ದುಡ್ಡು ಹಾಕೋ ಮುಂಚೆಯೇ ಸಿಗೋ ಇನ್ನೊಂದು ಗುರುತಿದೆ. ಆ್ಯಪ್ ಹೆಸರು ಒಂದು, ದುಡ್ಡು ಹೋಗೋ ಬ್ಯಾಂಕ್ ಖಾತೆಯ ಹೆಸರು ಇನ್ನೊಂದು. ಯಾವುದೋ ಊರಿನ ಎಂಟರ್‌ಪ್ರೈಸಸ್, ಟ್ರೇಡರ್ಸ್, ಇಲ್ಲವೇ ಒಬ್ಬ ವ್ಯಕ್ತಿಯ ಹೆಸರು. ಪ್ರತಿ ಸಲ ಹೊಸ ಖಾತೆ. ಯುಪಿಐನಲ್ಲಿ ಪಿನ್ ಒತ್ತೋ ಮುಂಚೆ ಆ ಹೆಸರು ಕಾಣುತ್ತೆ. ಅಲ್ಲಿ ಐದು ಸೆಕೆಂಡ್ ನಿಲ್ಲಿ.

ಹೆಜ್ಜೆ 5: ಕ್ರಿಪ್ಟೋ ಕೊಳ್ಳಲೇಬೇಕು ಅನ್ನೋರಿಗೆ

ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ಹೋದರೂ ಮನೆ ನಡೆಯುತ್ತೆ ಅನ್ನುವಷ್ಟು ಮಾತ್ರ ಹಾಕಿ. ಪಿಂಚಣಿ ದುಡ್ಡು, ಬೆಳೆ ದುಡ್ಡು, ಸಾಲದ ದುಡ್ಡು ಬೇಡವೇ ಬೇಡ.

ಎಫ್‌ಐಯುನಲ್ಲಿ ನೋಂದಣಿ ಆದ ಎಕ್ಸ್‌ಚೇಂಜ್ ಆರಿಸಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಬುಕ್‌ಮಾರ್ಕ್ ಮಾಡಿಟ್ಟುಕೊಂಡು ಅದರಿಂದಲೇ ಹೋಗಿ. ಲಾಗಿನ್‌ಗೆ ಎಸ್ಸೆಮ್ಮೆಸ್ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ (ನಿಮ್ಮ ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಒಳ್ಳೇದು, ಯಾಕಂದರೆ ನಿಮ್ಮ ಸಿಮ್ಮನ್ನು ಬೇರೆಯವರು ಡೂಪ್ಲಿಕೇಟ್ ಮಾಡಿಸಿದರೂ ಆ ಕೋಡ್ ಅವರಿಗೆ ಹೋಗೋದಿಲ್ಲ.

ಸ್ವಂತ ವ್ಯಾಲೆಟ್ (ಕ್ರಿಪ್ಟೋ ಇಟ್ಟುಕೊಳ್ಳೋ ಆ್ಯಪ್ ಇಲ್ಲವೇ ಸಾಧನ) ಇಟ್ಟುಕೊಂಡರೆ 12 ಇಲ್ಲವೇ 24 ಇಂಗ್ಲಿಷ್ ಪದಗಳ ಸೀಡ್ ಫ್ರೇಸ್ ಸಿಗುತ್ತೆ. ಆ ಪದಗಳು ಯಾರ ಕೈಯಲ್ಲಿ ಇವೆಯೋ ದುಡ್ಡು ಅವರದ್ದು. ಹಾಳೆಯಲ್ಲಿ ಬರೆದು ಬಂಗಾರ ಇಡೋ ಕಡೆ ಇಡಿ. ಫೋಟೊ ತೆಗೀಬೇಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ, ಗೂಗಲ್ ಡ್ರೈವ್‌ನಲ್ಲಿ ಹಾಕಬೇಡಿ. ಈ ಪದಗಳನ್ನು ಕೇಳುವ ಕಸ್ಟಮರ್ ಕೇರ್ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕೇಳಿದವನು ಕಳ್ಳ.

ಕ್ರಿಪ್ಟೋ ಕಳಿಸುವಾಗ ಪಡೆಯುವವರ ವ್ಯಾಲೆಟ್ ವಿಳಾಸ ಪೂರ್ತಿ ನೋಡಿ. ಟ್ರಾನ್, ಇಥೀರಿಯಂ ಅನ್ನೋದು ಬೇರೆ ಬೇರೆ ಬ್ಲಾಕ್‌ಚೈನ್‌ಗಳು. ಟ್ರಾನ್ ವಿಳಾಸದಲ್ಲಿ 34 ಅಕ್ಷರ, ಇಥೀರಿಯಂ ವಿಳಾಸದಲ್ಲಿ 42. ಜನ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸರಿ ಅಂದುಕೊಳ್ಳುತ್ತಾರೆ. ಇದು ಗೊತ್ತಿದ್ದೇ ಮೋಸಗಾರರು ಮೊದಲು-ಕೊನೆ ಹೊಂದುವ ವಿಳಾಸ ಮಾಡಿ, ಅದರಿಂದ ನಿಮಗೆ ಚಿಲ್ಲರೆ ಮೊತ್ತ ಕಳಿಸಿ ಹಿಸ್ಟರಿಯಲ್ಲಿ ಕೂರಿಸುತ್ತಾರೆ. ಮುಂದಿನ ಸಲ ನೀವು ಹಿಸ್ಟರಿಯಿಂದ ಕಾಪಿ ಮಾಡಿದರೆ ದುಡ್ಡು ಅವರಿಗೆ. ಹಿಸ್ಟರಿಯಿಂದ ಕಾಪಿ ಮಾಡಬೇಡಿ, ಮಧ್ಯದ ಅಕ್ಷರಗಳನ್ನೂ ನೋಡಿ, ಮೊದಲು ಸಣ್ಣ ಮೊತ್ತ ಕಳಿಸಿ ಮುಟ್ಟಿತಾ ಅಂತ ಕೇಳಿ.

ಗುರುತಿಲ್ಲದವರ ಜೊತೆ ಪಿಟುಪಿಯಲ್ಲಿ, ಅಂದರೆ ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ, ಯುಎಸ್‌ಡಿಟಿ ಕೊಡು-ಕೊಳ್ಳೋದು ಮಾಡಬೇಡಿ. ನಿಮಗೆ ಬಂದ ರೂಪಾಯಿ ಇನ್ಯಾರಿಗೋ ಮೋಸ ಮಾಡಿ ತಂದದ್ದಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಸೂಚನೆ ಮೇಲೆ ನಿಮ್ಮ ಖಾತೆ ಫ್ರೀಜ್ ಆಗುತ್ತೆ.

ಸಪ್ತಾಪುರ, ವಿದ್ಯಾನಗರ ಕಡೆ ಓದುತ್ತಿರುವ ತಮ್ಮ-ತಂಗಿಯರಿಗೆ ಒಂದು ಮಾತು. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿದರೆ 50 ರೂಪಾಯಿ ಅಂತ ಶುರು ಆಗೋ ಕೆಲಸ, ಮೂರನೇ ದಿನಕ್ಕೆ "ಪ್ರೀಪೇಯ್ಡ್ ಕ್ರಿಪ್ಟೋ ಟಾಸ್ಕ್" ಆಗುತ್ತೆ. ಅದಕ್ಕಿಂತ ಕೆಟ್ಟದ್ದು ಅಕೌಂಟ್ ಬಾಡಿಗೆ. "ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂತ ಯಾರಾದರೂ ಕೇಳಿದರೆ ಆ ಸ್ನೇಹವನ್ನೇ ಬಿಡಿ. ಮೋಸದ ದುಡ್ಡು ಮೊದಲು ಬೀಳೋದು ಅಂಥ ಖಾತೆಗೆ, ಪೊಲೀಸರು ಮೊದಲು ಬರೋದು ಆ ಖಾತೆಯ ಹೆಸರಿನವರ ಮನೆಗೆ. ಸರಕಾರಿ ಕೆಲಸಕ್ಕೆ ಆಯ್ಕೆ ಆದ ಮೇಲೆ ಪೊಲೀಸ್ ವೆರಿಫಿಕೇಶನ್ ಇರುತ್ತೆ. ವರ್ಷಗಟ್ಟಲೆ ಓದಿದ್ದು ಒಂದು ಎಫ್‌ಐಆರ್‌ನಿಂದ ನಿಂತು ಹೋಗಬಹುದು.

ಹೆಜ್ಜೆ 6: ಇವತ್ತೇ ಫೋನ್ ಸರಿ ಮಾಡಿ

ವಾಟ್ಸಾಪ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಹಾಕಿ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ನಿಮ್ಮನ್ನು ಗ್ರೂಪಿಗೆ ಸೇರಿಸೋ ಅವಕಾಶ ನಿಮ್ಮ ಕಾಂಟ್ಯಾಕ್ಟ್‌ನವರಿಗೆ ಮಾತ್ರ ಅಂತ ಮಾಡಿ. ಟೆಲಿಗ್ರಾಂನಲ್ಲೂ ಇದೇ ಸೆಟ್ಟಿಂಗ್ ಇದೆ. ಇದೊಂದರಿಂದಲೇ ಎಷ್ಟೋ ಗ್ರೂಪುಗಳು ನಿಮ್ಮ ಹತ್ತಿರ ಬರೋದು ನಿಲ್ಲುತ್ತೆ. ಲಿಂಕ್ಡ್ ಡಿವೈಸಸ್ ತೆರೆದು ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಕಾಲ್ ಫಾರ್ವರ್ಡ್ ಆಗಿದೆ ಅನ್ನೋ ಅನುಮಾನ ಇದ್ದರೆ ##002# ಒತ್ತಿ ಕಾಲ್ ಮಾಡಿ, ಎಲ್ಲಾ ರದ್ದಾಗುತ್ತೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ಅನುಮಾನದ ಕಾಲ್, ಮೆಸೇಜ್ ಬಗ್ಗೆ ಅದರ ಚಕ್ಷು ವಿಭಾಗದಲ್ಲಿ ತಿಳಿಸಬಹುದು.

ಹೆಜ್ಜೆ 7: ದುಡ್ಡು ಹೋಯ್ತು ಅಂತ ಗೊತ್ತಾದರೆ

ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಮನೆಯಲ್ಲಿ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಾ ಒಂದು ರಾತ್ರಿ ಕಳೀಬೇಡಿ. ದುಡ್ಡು ಒಂದು ಖಾತೆಯಿಂದ ಹತ್ತು ಖಾತೆಗೆ ಒಡೆದು, ಅಲ್ಲಿಂದ ಯುಎಸ್‌ಡಿಟಿ ಆಗೋಕೆ ಜಾಸ್ತಿ ಹೊತ್ತು ಬೇಡ. ಬ್ಯಾಂಕಿನಲ್ಲಿ ಇರುವಷ್ಟು ಹೊತ್ತು ಮಾತ್ರ ಅದನ್ನು ಸುಲಭವಾಗಿ ತಡೆಹಿಡಿಯಬಹುದು. ಲೈನ್ ಸಿಗದಿದ್ದರೆ cybercrime.gov.in ಪೋರ್ಟಲ್‌ನಲ್ಲಿ ದೂರು ಹಾಕಿ, ಮತ್ತೆ ಕಾಲ್ ಮಾಡಿ. ಆಮೇಲೆ ನಿಮ್ಮ ಬ್ಯಾಂಕಿಗೆ ಕಾಲ್. ಎಕ್ಸ್‌ಚೇಂಜ್‌ನಿಂದ ಹೋಗಿದ್ದರೆ ಅವರಿಗೂ ತಿಳಿಸಿ.

ಕೈಯಲ್ಲಿ ಇವು ಇರಲಿ:
- ಪ್ರತಿ ಪಾವತಿಯ ಯುಟಿಆರ್ ನಂಬರ್, ಅಂದರೆ ಬ್ಯಾಂಕಿನ ವ್ಯವಹಾರ ಸಂಖ್ಯೆ (ಯುಪಿಐ ಆದರೆ 12 ಅಂಕಿ), ತಾರೀಕು, ಸಮಯ, ಮೊತ್ತ
- ದುಡ್ಡು ಹೋದ ಖಾತೆ ಅಥವಾ ಯುಪಿಐ ಐಡಿ
- ಕ್ರಿಪ್ಟೋ ಆಗಿದ್ದರೆ ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ಉದ್ದ ಕೋಡ್) ಮತ್ತು ವ್ಯಾಲೆಟ್ ವಿಳಾಸ
- ಚಾಟ್, ಪ್ರೊಫೈಲ್, ಯೂಸರ್‌ನೇಮ್, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್

ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಗ್ರೂಪ್ ಬಿಡಬೇಡಿ, "ಪೊಲೀಸರಿಗೆ ಹೇಳ್ತೀನಿ" ಅಂತ ಅವರಿಗೆ ಬೆದರಿಸಬೇಡಿ. ನೀವು ಸುಮ್ನೆ ಇದ್ದಷ್ಟು ಹೊತ್ತು ಅವರ ಖಾತೆಯಲ್ಲಿ ದುಡ್ಡು ಇರೋ ಸಾಧ್ಯತೆ ಜಾಸ್ತಿ.

1930ಕ್ಕೆ ಹೇಳಿದ ಮೇಲೆ ಸಿಕ್ಕ ದೂರಿನ ನಂಬರ್ ತಗೊಂಡು ಸಿಇಎನ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತಲೇ ಶುರು ಮಾಡಿದ ಠಾಣೆ ಅದು. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ನಲ್ಲೂ ಇದೆ, ಗದಗ, ಹಾವೇರಿ ಜಿಲ್ಲೆಗಳಲ್ಲೂ ಇದೆ. ದೂರ ಆದರೆ ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬೇರೆಯವರ ಸೋಗು ಹಾಕಿ ಆನ್‌ಲೈನ್‌ನಲ್ಲಿ ಮೋಸ ಮಾಡೋದು ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ದೂರಿನಲ್ಲಿ ಯಾರ ಹೆಸರು, ಫೋಟೊ ಬಳಸಿದ್ದರು ಅನ್ನೋದನ್ನೂ ಬರೆಸಿ.

ಮನೆಯ ಹಿರಿಯರು ಇನ್ನೂ ಆ ಸ್ಕೀಮ್ ನಂಬಿ ಕೂತಿದ್ದರೆ ಬೈಯಬೇಡಿ. ಬೈದರೆ ಮುಚ್ಚಿಡೋಕೆ ಶುರು ಮಾಡುತ್ತಾರೆ, ಮೋಸಗಾರನೂ ಅದನ್ನೇ ಹೇಳಿಕೊಟ್ಟಿರುತ್ತಾನೆ: "ಮನೆಯವರಿಗೆ ಈಗಲೇ ಹೇಳಬೇಡಿ, ಲಾಭ ಬಂದ ಮೇಲೆ ಹೇಳಿ." ಪಕ್ಕದಲ್ಲಿ ಕೂತು, "ಅಪ್ಪಾ, ಪೂರ್ತಿ ದುಡ್ಡು ಒಂದ್ಸಲ ಬ್ಯಾಂಕಿಗೆ ತರಿಸೋಣ, ಬೇಕಂದ್ರ ನಾಳೆ ಮತ್ತ ಹಾಕೋಣ" ಅನ್ನಿ. ವಾದ ಮಾಡಿ ಗೆಲ್ಲೋದಕ್ಕಿಂತ ಅವರೇ ಆ ಬಟನ್ ಒತ್ತಿ ನೋಡೋದು ಮೇಲು.

ಹೆಜ್ಜೆ 8: ಎರಡನೇ ಸಲ ಬರುವವರಿಗೆ ಬಾಗಿಲು ತೆಗೀಬೇಡಿ

ದುಡ್ಡು ಕಳಕೊಂಡವರ ನಂಬರ್‌ಗಳು ಮೋಸಗಾರರ ನಡುವೆ ಕೈ ಬದಲಾಗುತ್ತವೆ. ಕೆಲವು ವಾರದಲ್ಲಿ ಕಾಲ್ ಬರುತ್ತೆ: "ನಾವು ಕ್ರಿಪ್ಟೋ ರಿಕವರಿ ಏಜೆನ್ಸಿ, ನಿಮ್ಮ ದುಡ್ಡು ಎಲ್ಲಿದೆ ಅಂತ ಪತ್ತೆ ಆಗಿದೆ, ಶೇಕಡಾ 10 ಫೀ ಕಟ್ಟಿ." ಕಳಕೊಂಡ ಮೊತ್ತ, ತಾರೀಕು ಎಲ್ಲಾ ಸರಿಯಾಗಿ ಹೇಳುತ್ತಾರೆ, ಯಾಕಂದರೆ ಅವರೇ ತಗೊಂಡವರು, ಇಲ್ಲವೇ ತಗೊಂಡವರಿಂದ ಪಟ್ಟಿ ಪಡೆದವರು. ಕೆಲವರು ವಕೀಲರ, ಸೈಬರ್ ಪೊಲೀಸರ ಲೆಟರ್‌ಹೆಡ್ ಕಳಿಸುತ್ತಾರೆ. ಯಾವ ಖಾಸಗಿ ಹ್ಯಾಕರ್‌ಗೂ ಬ್ಲಾಕ್‌ಚೈನ್‌ನಿಂದ ದುಡ್ಡು ವಾಪಸ್ ಎಳೆಯೋ ಶಕ್ತಿ ಇಲ್ಲ. ಯುಎಸ್‌ಡಿಟಿಯನ್ನು ಅದನ್ನು ಹೊರಡಿಸುವ ಟೆದರ್ ಕಂಪನಿ ಫ್ರೀಜ್ ಮಾಡಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ತನಿಖಾ ಸಂಸ್ಥೆಯಿಂದ ಕೋರಿಕೆ ಹೋಗಬೇಕು.

1930ಕ್ಕೆ ದೂರು ಕೊಡೋಕೆ ದುಡ್ಡು ಇಲ್ಲ, ಠಾಣೆಯಲ್ಲಿ ದೂರು ಕೊಡೋಕೂ ಇಲ್ಲ. ಬ್ಯಾಂಕಿನಲ್ಲಿ ತಡೆಹಿಡಿದ ಹಣ ಬಿಡಿಸಿಕೊಳ್ಳೋಕೆ ಎಷ್ಟೋ ಸಲ ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತೆ, ಎಷ್ಟು ತಡೆಹಿಡಿದಿದ್ದಾರೆ ಅನ್ನೋ ವಿವರ ತನಿಖಾಧಿಕಾರಿಯಿಂದ ಸಿಗುತ್ತೆ. ವಕೀಲರಿಗೆ ಕೊಡೋಕೆ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇನ್ನೂ ಕೆಲವು ವರ್ಗದವರಿಗೂ ಈ ವಿನಾಯಿತಿ ಇದೆ, ಉಳಿದವರಿಗೆ ಆದಾಯದ ಮಿತಿ ಇದೆ.